ಅಪ್ಪ ಅಮ್ಮನ ಜೋಡಿ ಫೋಟೋ: ಇಬ್ಬರೂ ಬಿಗಿದುಕೊಂಡು ನಿಲ್ಲುತ್ತಾರೆ, ಏನು ಮಾಡಲಿ?

ಪ್ರಶ್ನೆ:
ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪ ಅಮ್ಮನ ಮದುವೆಯಾಗಿ ಬರುವ ತಿಂಗಳಿಗೆ 40 ವರ್ಷ. ಗೋಡೆಗೆ ಹಾಕಲು ಒಂದು ಜೋಡಿ ಫೋಟೋ ತೆಗೆಯಬೇಕು ಅಂತ ತುಂಬಾ ಆಸೆ. 50 ಎಂಎಂ ಲೆನ್ಸ್ ಇದೆ. ಆದರೆ ಕ್ಯಾಮೆರಾ ಕಂಡ ತಕ್ಷಣ ಅಪ್ಪ ಕತ್ತಿನ ಗುಂಡಿ ಹಾಕಿಕೊಂಡು ಕೈ ಕಟ್ಟಿ ನಿಲ್ಲುತ್ತಾರೆ. ಅಮ್ಮ ಒಂದು ಮಾರು ದೂರ. ಹತ್ತಿರ ಬನ್ನಿ ಅಂದರೆ ಇಬ್ಬರಿಗೂ ನಾಚಿಕೆ. ಜಗಲಿ, ತುಳಸಿಕಟ್ಟೆ, ತೋಟ ಎಲ್ಲ ಕಡೆ ನಿಲ್ಲಿಸಿ ನೋಡಿದೆ. ಯಾವುದೂ ಅವರ ಹಾಗೆ ಕಾಣುವುದಿಲ್ಲ. ಅಮ್ಮನಿಗೆ ಈಗಷ್ಟೇ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ದಿನಕ್ಕೆ ನಾಲ್ಕು ಸಲ ಅಪ್ಪನೇ ಡ್ರಾಪ್ಸ್ ಹಾಕುತ್ತಾರೆ. ಹಾಗಾಗಿ ಬಿಸಿಲಿಗೆ ಕರೆಯುವ ಹಾಗಿಲ್ಲ. ಮನೆಯೊಳಗೇ ತೆಗೆಯುವುದು ಹೇಗೆ?

ಉತ್ತರ 1:
ಡ್ರಾಪ್ಸ್ ಹಾಕುವಾಗಲೇ ತೆಗೆಯಿರಿ. ನಿಮಗೆ ಬೇಕಾದ ಫೋಟೋ ಅದೇ.

ನಾನು ಮೈಸೂರಿನಲ್ಲಿ ಮದುವೆ ಫೋಟೋ ತೆಗೆಯುವವನು. ಆ ವಯಸ್ಸಿನವರಿಗೆ ಹೆಗಲ ಮೇಲೆ ಕೈ ಹಾಕಿ ಅಂದರೆ ಮರದ ಹಾಗೆ ಆಗಿಬಿಡುತ್ತಾರೆ. ಅವರ ಸಲಿಗೆ ಇರುವುದು ದಿನದ ಕೆಲಸದಲ್ಲಿ, ಅಲ್ವಾ? ನಮ್ಮೂರಿನ ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ. ಸಾಮಾನ್ಯ ಜನರ ದಿನನಿತ್ಯದ ಬದುಕೇ ಅವರ ವಸ್ತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನವಾದವು. ನಾನು ಇವತ್ತಿಗೂ ಅವರ ಚಿತ್ರ ನೋಡಿಯೇ ಕಲಿಯುತ್ತೇನೆ.

ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ. ಟ್ಯೂಬ್‌ಲೈಟ್ ಆರಿಸಿ. ಮೊದಲ ಎರಡು ದಿನ ಕ್ಯಾಮೆರಾ ಸುಮ್ನೆ ಮಡಿಲಲ್ಲಿ ಇರಲಿ.

ಉತ್ತರ 2:
ಒಂದು ಮಾತು. ಎಫ್ 1.8ರಲ್ಲಿ, ಅಂದರೆ ಲೆನ್ಸಿನ ಬಾಯಿ ದೊಡ್ಡದಾಗಿ ತೆರೆದು, ತೆಗೆಯಬೇಡಿ. ಅಪ್ಪನ ಮುಖ ಅರ್ಧ ಅಡಿ ಹಿಂದಿದ್ದರೂ ಮಸುಕಾಗುತ್ತದೆ. ಇಬ್ಬರೂ ಬೇಕು ಅಂದರೆ ಬಾಯಿ ಚಿಕ್ಕದು ಮಾಡಿ 5.6 ಇಡಿ. ಶಟರ್ ಸೆಕೆಂಡಿನ 1/125. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಜಾಸ್ತಿಯಾಗಿ ಸ್ವಲ್ಪ ಕಾಳು ಕಾಳು ಕಂಡರೂ ಪರವಾಗಿಲ್ಲ.

ಪ್ರಶ್ನೆ ಕೇಳಿದವರು:
ಮೂರನೇ ದಿನ ಬೆಳಿಗ್ಗೆ ಸಿಕ್ಕಿತು! ಅಡುಗೆಮನೆ ಕಿಟಕಿ. ಅಪ್ಪ ಎಡಗೈ ಹೆಬ್ಬೆರಳಲ್ಲಿ ಅಮ್ಮನ ಕೆಳರೆಪ್ಪೆ ಎಳೆದು ಹಿಡಿದಿದ್ದಾರೆ. ಅಮ್ಮ ಅವರ ಅಂಗಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಾಳೆ. ಅವಳ ಬಾಯಿ ಸ್ವಲ್ಪ ತೆರೆದಿದೆ. ಅಪ್ಪನದೂ ಹಾಗೇ ತೆರೆದಿದೆ. ತೆಗೆಯುವಾಗ ಅದು ನನಗೆ ಕಂಡಿರಲೇ ಇಲ್ಲ.

ಅಮ್ಮನಿಗೆ ತೋರಿಸಿದೆ. "ತಲೆ ಬಾಚಿಲ್ಲ, ಇದನ್ನು ಗೋಡೆಗೆ ಹಾಕಬೇಡ" ಅಂದಳು. ಅಪ್ಪ ತುಂಬಾ ಹೊತ್ತು ನೋಡಿದರು. ಆಮೇಲೆ, "ನನ್ನ ಫೋನಿಗೆ ಒಂದು ಕಳಿಸು" ಅಂದರು.