ಖಾಲಿ ಕೋರ್‌ನಲ್ಲಿ ಟಿಕ್ ನಿಲ್ಲುತ್ತದೆ, ಕೆಲಸ ಮಾಡುವ ಕೋರ್‌ನಲ್ಲಿ ಯಾಕೆ ನಿಲ್ಲುವುದಿಲ್ಲ?

ಪೋಲಿಂಗ್_ಪ್ರಿಯ:

ಲಿನಕ್ಸ್ ಮೇಲೆ ಓಡುವ ಒಂದು ಪ್ರೋಗ್ರಾಂ ಇದೆ. ಅದರ ಒಂದು ಥ್ರೆಡ್ ನೆಟ್‌ವರ್ಕ್ ಕಾರ್ಡಿನ ಕ್ಯೂ ಕಡೆ ಕಣ್ಣು ಮಿಟುಕಿಸದೆ ನೋಡುತ್ತಲೇ ಇರುತ್ತದೆ. ಮಲಗುವುದಿಲ್ಲ, ಸಿಸ್ಟಂ ಕಾಲ್ ಮಾಡುವುದಿಲ್ಲ. 8 ಕೋರ್‌ಗಳಲ್ಲಿ 7ನೇ ನಂಬರಿನದನ್ನು ಅದಕ್ಕೇ ಬಿಟ್ಟಿದ್ದೇನೆ. ಬಹುತೇಕ ಪ್ಯಾಕೆಟ್ ಬಂದ ಕೂಡಲೇ ಎತ್ತಿಕೊಳ್ಳುತ್ತದೆ, ಆದರೆ ನಡುನಡುವೆ ಕೆಲವಕ್ಕೆ ಸುಮ್ನೆ ಹಲವು ಮೈಕ್ರೋಸೆಕೆಂಡ್ ತಡವಾಗುತ್ತದೆ.

ಪ್ರಾಕ್ ಒಳಗಿನ ಇಂಟರಪ್ಟ್ಸ್ ಫೈಲ್ ತೆಗೆದು ನೋಡಿದೆ. ಎಲ್‌ಒಸಿ ಸಾಲಿನಲ್ಲಿ (ಕೋರ್‌ನ ಸ್ವಂತ ಟೈಮರ್ ಎಷ್ಟು ಸಲ ಕೆಲಸದ ನಡುವೆ ಬಂತು ಅನ್ನುವ ಲೆಕ್ಕ) 7ನೇ ಕೋರ್‌ನ ಎಣಿಕೆ ಸೆಕೆಂಡಿಗೆ ಹತ್ತಿರ ಹತ್ತಿರ 1000 ಏರುತ್ತದೆ. ಕೆಲಸವಿಲ್ಲದ ಬೇರೆ ಕೋರ್‌ಗಳಲ್ಲಿ ಅಷ್ಟಿಲ್ಲ, ಆದರೆ ಪೂರ್ತಿ ನಿಂತೂ ಇಲ್ಲ. ಕರ್ನಲ್ ಟಿಕ್‌ಲೆಸ್, ಅಂದರೆ ನಿಗದಿತ ಹೊತ್ತಿಗೊಮ್ಮೆ ಕೋರನ್ನು ತಡೆಯುವ ಟೈಮರ್ ಬಡಿತ (ಟಿಕ್) ಇಲ್ಲದ್ದು, ಅಂತ ಎಲ್ಲ ಕಡೆ ಓದಿದ್ದೇನೆ, ಹಾಗಿದ್ದರೆ ಇದೇನು? ಸೆಕೆಂಡಿಗೆ ಎಷ್ಟು ಟಿಕ್ ಅಂತ ಹೇಳುವ ಎಚ್‌ಝಡ್ ಬೆಲೆ 1000 ಇದೆ, ಅದನ್ನು 100ಕ್ಕೆ ಇಳಿಸಿ ಮತ್ತೆ ಕಂಪೈಲ್ ಮಾಡಿದರೆ ಸಾಕಾ?

ಜಿಫಿ_ಲೆಕ್ಕಿಗ:

ಸಾಕಾಗುವುದಿಲ್ಲ. ತಡ ಆಗುವುದು ಸೆಕೆಂಡಿಗೆ 1000 ಸಲದ ಬದಲು 100 ಸಲ ಆಗುತ್ತದೆ, ಅಷ್ಟೇ. ಒಂದೊಂದು ಸಲದ ತಡ ಹಾಗೇ ಉಳಿಯುತ್ತದೆ.

ಟಿಕ್‌ಲೆಸ್ ಅನ್ನುವ ಮಾತಿನಡಿ ಎರಡು ಬೇರೆ ಬೇರೆ ವಿಷಯ ಇವೆ. ಒಂದು ನೋ ಎಚ್‌ಝಡ್ ಐಡಲ್. ಕೋರ್‌ಗೆ ಕೆಲಸ ಇಲ್ಲದಾಗ ಕರ್ನಲ್ ಮುಂದಿನ ಟೈಮರ್ ಯಾವಾಗ ಅಂತ ನೋಡುತ್ತದೆ, ಹಾರ್ಡ್‌ವೇರ್ ಟೈಮರ್‌ಗೆ ಆ ಒಂದೇ ಹೊತ್ತನ್ನು ಬರೆದು ಕೋರನ್ನು ಮಲಗಿಸುತ್ತದೆ. ಇದು 2007ರಲ್ಲಿ 2.6.21ರ ಜೊತೆ ಬಂತು, ಮೊದಲು 32 ಬಿಟ್ ಎಕ್ಸ್86ಗೆ ಮಾತ್ರ. ಇವತ್ತು ನೀವು ಯಾವ ಡಿಸ್ಟ್ರೊ ಹಾಕಿದರೂ ಇದು ಇದ್ದೇ ಇರುತ್ತದೆ ಅಂದುಕೊಳ್ಳಿ. ನಿಮ್ಮ ಖಾಲಿ ಕೋರ್‌ಗಳಲ್ಲಿ ಉಳಿದಿರುವ ಎಣಿಕೆ ಟಿಕ್ ಅಲ್ಲ, ಯಾರೋ ನಿಜವಾಗಿ ಇಟ್ಟ ಟೈಮರ್‌ಗಳು. ಉದಾಹರಣೆಗೆ ಸಾಫ್ಟ್ ಲಾಕಪ್ (ಕೋರ್ ಕರ್ನಲ್ ಒಳಗೇ ಸಿಕ್ಕಿಕೊಳ್ಳುವುದು) ಹಿಡಿಯುವ ವಾಚ್‌ಡಾಗ್, ಡಿಫಾಲ್ಟ್ ಬೆಲೆಯಲ್ಲಿ 4 ಸೆಕೆಂಡಿಗೊಮ್ಮೆ ಪ್ರತಿ ಕೋರನ್ನೂ ತಟ್ಟುತ್ತದೆ. ಉಳಿದವು ಯಾರವು ಅಂತ ಪವರ್‌ಟಾಪ್ ಅನ್ನುವ ಟೂಲ್ ಹೇಳುತ್ತದೆ.

ಕೆಲಸ ಇರುವ ಕೋರ್‌ನದು ಬೇರೆ ಕಥೆ. ಅಲ್ಲಿ ಟಿಕ್ ಸುಮ್ನೆ ಬರುವುದಿಲ್ಲ. ಈ ಪ್ರೋಸೆಸ್ ಎಷ್ಟು ಹೊತ್ತು ಓಡಿತು, ಇನ್ನೊಬ್ಬರಿಗೆ ಜಾಗ ಬಿಡಬೇಕಾ, ಆರ್‌ಸಿಯು (ಯಾರೂ ಓದುತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಹಳೆ ಡೇಟಾ ಬಿಡುವ ಕರ್ನಲ್ ವ್ಯವಸ್ಥೆ) ಮುಂದೆ ಹೋಗಬಹುದಾ, ಅವಧಿ ಮುಗಿದ ಟೈಮರ್ ಇದೆಯಾ, ಇದೆಲ್ಲ ಅಲ್ಲೇ ವಿಚಾರಣೆ ಆಗುತ್ತದೆ. ಇದನ್ನೂ ನಿಲ್ಲಿಸಬೇಕು ಅಂದರೆ ನೋ ಎಚ್‌ಝಡ್ ಫುಲ್ ಬೇಕು. ಅದು 2013ರಲ್ಲಿ 3.10ರಲ್ಲಿ ಬಂತು, ಯಾವ ಕೋರ್‌ಗೆ ಬೇಕು ಅಂತ ನೀವೇ ಹೇಳಬೇಕು.

ಇನ್ನೊಂದು ಮಾತು, ಎಚ್‌ಝಡ್ 100 ಮಾಡಿದರೆ ಜಿಫಿಗಳ (ಟಿಕ್ ಎಣಿಕೆಯ) ಮೇಲೆ ನಡೆಯುವ ಟೈಮರ್‌ಗಳು 10 ಮಿಲಿಸೆಕೆಂಡಿನ ಮೆಟ್ಟಿಲಲ್ಲೇ ಹತ್ತಿ ಇಳಿಯುತ್ತವೆ. ನ್ಯಾನೋಸ್ಲೀಪ್ ತರಹದವು ಹೈ ರೆಸಲ್ಯೂಷನ್ ಟೈಮರ್ ಮೇಲೆ ನಡೆಯುವುದರಿಂದ ಅವಕ್ಕೆ ಏನೂ ಆಗುವುದಿಲ್ಲ. 2.4ರ ಕಾಲದಲ್ಲಿ ಪಿಸಿಗಳಲ್ಲಿ 100 ಇತ್ತು, 2.6ರಲ್ಲಿ ಒಮ್ಮೆಗೇ 1000 ಮಾಡಿದರು, ಜಾಸ್ತಿ ಆಯಿತು ಅನ್ನಿಸಿ 2.6.13ರಲ್ಲಿ 250ಕ್ಕೆ ತಂದರು. ಈ ಎಳೆದಾಟ ಹಳೆಯದು.

ಕೋರ್_ಕಾವಲುಗಾರ:

ಮೇಲಿನವರು ಹೇಳಿದ್ದು ಸರಿ, ಮಾಡುವ ದಾರಿ ನಾನು ಹೇಳುತ್ತೇನೆ.

ಬೂಟ್ ಸಾಲಿನಲ್ಲಿ ಐಸೊಲ್‌ಸಿಪಿಯುಸ್ ಮತ್ತು ನೋಹೆಚ್‌ಝಡ್ ಫುಲ್ ಎರಡಕ್ಕೂ 7 ಕೊಡಿ. ಎರಡೂ ಯಾಕೆ ಅಂದರೆ, ಮೊದಲನೆಯದು ಶೆಡ್ಯೂಲರ್ ತಾನಾಗಿ ಬೇರೆ ಕೆಲಸವನ್ನು ಆ ಕೋರ್‌ಗೆ ತಳ್ಳದಂತೆ ತಡೆಯುತ್ತದೆ, ಎರಡನೆಯದು ಒಂದೇ ಕೆಲಸ ಇದ್ದಾಗ ಟಿಕ್ ನಿಲ್ಲಿಸುತ್ತದೆ. ಆರ್‌ಸಿಯು ಕಾಲ್‌ಬ್ಯಾಕ್‌ಗಳು ಆ ಕೋರ್‌ನಿಂದ ಆಚೆ ಹೋಗುವುದು ನೋಹೆಚ್‌ಝಡ್ ಫುಲ್ ಜೊತೆಗೇ ಬರುತ್ತದೆ. ಡಿವೈಸ್ ಇಂಟರಪ್ಟ್‌ಗಳನ್ನು ಐಆರ್‌ಕ್ಯು ಅಫಿನಿಟಿಯಿಂದ (ಯಾವ ಇಂಟರಪ್ಟ್ ಯಾವ ಕೋರ್‌ಗೆ ಅನ್ನುವ ಸೆಟ್ಟಿಂಗ್) 0ಯಿಂದ 6ರವರೆಗಿನ ಕೋರ್‌ಗಳಿಗೆ ಕಳಿಸಿಬಿಡಿ. 8 ಕೋರನ್ನೂ ಟಿಕ್ ಇಲ್ಲದೆ ಬಿಡೋಣ ಅಂತ ಆಸೆ ಪಡಬೇಡಿ, ಗಡಿಯಾರ ನೋಡಿಕೊಳ್ಳಲು ಒಬ್ಬರಾದರೂ ಎಚ್ಚರ ಇರಬೇಕು.

ಬೂಟ್ ಆದ ಮೇಲೆ ಸಿಸ್ ಕೆಳಗೆ ಡಿವೈಸಸ್, ಸಿಸ್ಟಂ, ಸಿಪಿಯು ಒಳಗೆ ನೋಹೆಚ್‌ಝಡ್ ಫುಲ್ ಅನ್ನುವ ಫೈಲ್ ಓದಿ. ಅಲ್ಲಿ 7 ಅಂತ ಕಾಣದಿದ್ದರೆ ನಿಮ್ಮ ಕರ್ನಲ್ ಕಟ್ಟುವಾಗಲೇ ಆ ಆಯ್ಕೆ ಹಾಕಿಲ್ಲ. ಆಗ ಬೂಟ್ ಸಾಲಿನಲ್ಲಿ ಎಷ್ಟು ಬರೆದರೂ ಗೋಡೆಗೆ ಹೇಳಿದ ಹಾಗೆ.

ಆಮೇಲೆ ಮುಖ್ಯವಾದದ್ದು. ಎಲ್‌ಒಸಿ ಎಣಿಕೆ ಇನ್ನೂ ಏರುತ್ತಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಟೈಮರ್ ಟ್ರೇಸ್‌ಪಾಯಿಂಟ್‌ಗಳಲ್ಲಿ (ಕರ್ನಲ್ ಒಳಗೆ ನಡೆದದ್ದನ್ನು ದಾಖಲಿಸುವ ಜಾಗಗಳು) ಟಿಕ್ ಸ್ಟಾಪ್ ಅಂತ ಒಂದಿದೆ, ಅದನ್ನು ಆನ್ ಮಾಡಿ. ನಿಲ್ಲಿಸಲು ಆಗದಿದ್ದಾಗ ಸಕ್ಸೆಸ್ 0 ಅಂತ ಬರೆದು ಪಕ್ಕದಲ್ಲೇ ಕಾರಣ ಹೇಳುತ್ತದೆ. ಶೆಡ್ ಅಂತ ಬಂದರೆ ಆ ಕೋರ್ ಮೇಲೆ ಓಡಲು ಇನ್ನೊಬ್ಬರೂ ಕಾಯುತ್ತಿದ್ದಾರೆ ಅಂತ ಅರ್ಥ. ಪೋಸಿಕ್ಸ್ ಟೈಮರ್ ಅಂದರೆ ಯಾರೋ ಸಿಪಿಯು ಸಮಯದ ಮೇಲೆ ಟೈಮರ್ ಇಟ್ಟಿದ್ದಾರೆ, ಪ್ರೊಫೈಲರ್‌ಗಳು ಇದನ್ನು ಮಾಡುತ್ತವೆ. ಪರ್ಫ್ ಈವೆಂಟ್ಸ್ ಅಂದರೆ ಪರ್ಫ್ ಅನ್ನುವ ವೇಗ ಅಳೆಯುವ ಟೂಲ್ ಓಡುತ್ತಿದೆ. ಕ್ಲಾಕ್ ಅನ್‌ಸ್ಟೇಬಲ್ ಅಂದರೆ ಟಿಎಸ್‌ಸಿ (ಸಿಪಿಯು ಒಳಗಿನ ಸಮಯದ ಕೌಂಟರ್) ಮೇಲೆ ಕರ್ನಲ್‌ಗೆ ನಂಬಿಕೆ ಹೋಗಿದೆ, ಅದು ಸರಿಯಾಗದೆ ಮುಂದಕ್ಕೆ ಹೋಗಿ ಪ್ರಯೋಜನ ಇಲ್ಲ.

ಹಳೆ ಕರ್ನಲ್ ಆದರೆ ಸೆಕೆಂಡಿಗೆ ಒಂದು ಟಿಕ್ ಉಳಿದೇ ಉಳಿಯುತ್ತದೆ. 4.17ರಿಂದ ಆ ಕೆಲಸವನ್ನೂ ಬೇರೆ ಕೋರ್‌ಗೆ ಒಪ್ಪಿಸಿದ್ದಾರೆ.

ಅನುಮಾನ್_ಭಟ್ಟ:

ಸ್ವಲ್ಪ ತಡೆಯಿರಿ. ಎಲ್ಲರೂ ಇದನ್ನು ಓದಿ ತಮ್ಮ ಸರ್ವರ್‌ಗೆ ಹಾಕಿಬಿಡಬಾರದು. ಲೆಕ್ಕ ನೋಡಿ: 3 ಗಿಗಾಹರ್ಟ್ಸ್ ಕೋರ್, 1 ಮಿಲಿಸೆಕೆಂಡ್ ಅಂದರೆ 30 ಲಕ್ಷ ಸೈಕಲ್. ಟಿಕ್ ಒಂದೆರಡು ಮೈಕ್ರೋಸೆಕೆಂಡ್ ತಿಂದರೂ ಅದು ಸಾವಿರದಲ್ಲಿ ಒಂದೆರಡು ಪಾಲು. ಒಟ್ಟು ಕೆಲಸದ ವೇಗ ಬೇಕಾದವರಿಗೆ ಇದರಿಂದ ಏನೂ ಕಾಣುವುದಿಲ್ಲ.

ಖರ್ಚು ಮಾತ್ರ ಕಾಣುತ್ತದೆ. ಟಿಕ್ ಇಲ್ಲದಿದ್ದರೆ ಯೂಸರ್ ಸಮಯ, ಕರ್ನಲ್ ಸಮಯದ ಲೆಕ್ಕ ಯಾರು ಇಡಬೇಕು? ಕರ್ನಲ್ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಬರೆದುಕೊಳ್ಳಬೇಕು. ಡೇಟಾಬೇಸ್ ತರಹ ಕ್ಷಣಕ್ಷಣಕ್ಕೂ ಸಿಸ್ಟಂ ಕಾಲ್ ಮಾಡುವ ಪ್ರೋಗ್ರಾಂಗೆ ಇದನ್ನು ಹಾಕಿದರೆ ನಿಧಾನವೇ ಆಗುತ್ತದೆ. ಪ್ರಶ್ನೆ ಕೇಳಿದವರ ಥ್ರೆಡ್ ಸಿಸ್ಟಂ ಕಾಲ್ ಮಾಡುವುದಿಲ್ಲ, ಅವರಿಗೆ ಬೇಕಿರುವುದು ತಡದ ಏರಿಳಿತ ಕಡಿಮೆ ಆಗುವುದು. ಅವರಿಗೆ ಸರಿ. ಉಳಿದವರು ನೋ ಎಚ್‌ಝಡ್ ಐಡಲ್‌ನಲ್ಲೇ ಆರಾಮಾಗಿರಿ.

ಪೋಲಿಂಗ್_ಪ್ರಿಯ:

ಧನ್ಯವಾದ. ಹೇಳಿದ ಹಾಗೆ ಎಲ್ಲ ಮಾಡಿದೆ. ಫೈಲ್‌ನಲ್ಲಿ 7 ಅಂತ ಬರುತ್ತಿದೆ. ಎಲ್‌ಒಸಿ ತುಂಬಾ ಇಳಿಯಿತು, ಆದರೆ ಆಗಾಗ ಒಂದು ಗುಂಪು ಟಿಕ್ ಬಂದು ಹೋಗುತ್ತದೆ, ಆಮೇಲೆ ಮತ್ತೆ ಶಾಂತ. ಟಿಕ್ ಸ್ಟಾಪ್ ಟ್ರೇಸ್ ಪ್ರತಿ ಸಲವೂ ಶೆಡ್ ಅನ್ನುತ್ತದೆ. ಆ ಕೋರ್‌ಗೆ ನಾನು ಬೇರೆ ಯಾವುದನ್ನೂ ಕಟ್ಟಿಲ್ಲವಲ್ಲ?

ಕೋರ್_ಕಾವಲುಗಾರ:

ನೀವು ಕಟ್ಟಿಲ್ಲ, ಆದರೆ ಪಿಎಸ್ ಕಮಾಂಡಿನಲ್ಲಿ ಥ್ರೆಡ್‌ಗಳ ಪಟ್ಟಿ ಪಿಎಸ್‌ಆರ್ ಕಾಲಂ ಸಮೇತ ತೆಗೆದು 7ರ ಮೇಲೆ ಯಾರ್ಯಾರಿದ್ದಾರೆ ನೋಡಿ. ಹೊಸ ಥ್ರೆಡ್ ಹುಟ್ಟುವಾಗ ತನ್ನನ್ನು ಹುಟ್ಟಿಸಿದ ಥ್ರೆಡ್‌ನ ಅಫಿನಿಟಿಯನ್ನೇ (ಯಾವ ಕೋರ್ ಮೇಲೆ ಓಡಬಹುದು ಅನ್ನುವುದನ್ನೇ) ಪಡೆಯುತ್ತದೆ. ಪೋಲಿಂಗ್ ಥ್ರೆಡ್ ಒಳಗಿಂದ ಯಾವುದಾದರೂ ಲೈಬ್ರರಿ ಶುರುವಾಗುತ್ತಿದ್ದರೆ, ಅದು ಸದ್ದಿಲ್ಲದೆ ಮಾಡುವ ಥ್ರೆಡ್ ಕೂಡ 7ರ ಮೇಲೇ ಕೂರುತ್ತದೆ. ಐಸೊಲ್‌ಸಿಪಿಯುಸ್ ಇದನ್ನು ತಡೆಯುವುದಿಲ್ಲ.

ಪೋಲಿಂಗ್_ಪ್ರಿಯ:

ಸಿಕ್ಕಿತು! ಲಾಗ್ ಬರೆಯುವ ಲೈಬ್ರರಿ ತನ್ನದೇ ಒಂದು ಥ್ರೆಡ್ ಹುಟ್ಟಿಸುತ್ತದೆ, ಅದು 7ರ ಮೇಲಿತ್ತು. ಬಫರ್ ಖಾಲಿ ಮಾಡಲು ಏಳುವಾಗಲೆಲ್ಲ ಇಬ್ಬರಾಗುತ್ತಿದ್ದರು, ಟಿಕ್ ಶುರುವಾಗುತ್ತಿತ್ತು. ಅದನ್ನು 2ನೇ ಕೋರ್‌ಗೆ ಕಳಿಸಿದ ಮೇಲೆ ಎಲ್‌ಒಸಿ ಹತ್ತಿರ ಹತ್ತಿರ ನಿಂತೇ ಹೋಗಿದೆ.

ಮೈಕ್ರೊಕಂಟ್ರೋಲರ್_ಮಂದಿ:

ಲಿನಕ್ಸ್ ಬಿಟ್ಟು ಸಣ್ಣ ಚಿಪ್‌ಗಳ ಕಡೆಯಿಂದ ಒಂದು ಮಾತು, ಹುಡುಕುತ್ತಾ ಇಲ್ಲಿಗೆ ಬರುವವರಿಗೆ. ಅಲ್ಲಿ ಬಳಸುವ ಆಪರೇಟಿಂಗ್ ಸಿಸ್ಟಂ ಫ್ರೀಆರ್‌ಟಿಒಎಸ್‌ನಲ್ಲೂ ಟಿಕ್‌ಲೆಸ್ ಐಡಲ್ ಇದೆ, ಬ್ಯಾಟರಿ ಮೇಲೆ ಓಡುವುದಾದರೆ ಹಾಕಲೇಬೇಕು. ಆದರೆ ಕಾರ್ಟೆಕ್ಸ್ ಎಂ ಚಿಪ್‌ನಲ್ಲಿ ಟಿಕ್ ಕೊಡುವ ಸಿಸ್‌ಟಿಕ್ ಕೌಂಟರ್ ಬರೀ 24 ಬಿಟ್. 48 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ 0.35 ಸೆಕೆಂಡಿಗೇ ಮುಗಿಯುತ್ತದೆ, ಎಷ್ಟೇ ಕೆಲಸ ಇಲ್ಲದಿದ್ದರೂ ಅಷ್ಟು ಹೊತ್ತಿಗೆ ಎದ್ದು ನೋಡಲೇಬೇಕು. ಜಾಸ್ತಿ ಹೊತ್ತು ಮಲಗಬೇಕಾದರೆ ಕಡಿಮೆ ವೇಗದ ಗಡಿಯಾರದಲ್ಲಿ ಓಡುವ ಬೇರೆ ಟೈಮರ್ ಬಳಸಿ, ಟಿಕ್ ನಿಲ್ಲಿಸುವ ಫಂಕ್ಷನ್ ನೀವೇ ಬರೆಯಿರಿ. ಎದ್ದ ಮೇಲೆ ಎಷ್ಟು ಟಿಕ್ ತಪ್ಪಿತು ಅಂತ ಎಣಿಸಿ ಕರ್ನಲ್‌ಗೆ ಹೇಳುವುದನ್ನು ಮರೆತರೆ ಎಲ್ಲ ಟೈಮ್‌ಔಟ್‌ಗಳೂ ಹಿಂದೆ ಬೀಳುತ್ತವೆ.