ಊದುಗಾಜು, ಒತ್ತುಗಾಜು: ಇವೆರಡರ ನಡುವಿನದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಹಳೆಯ ಗಾಜಿನ ಸಾಮಾನಿನ ಬಗ್ಗೆ ಬರೆಯಲು ಕನ್ನಡದ ಒಂದು ಪದ ಕೇಳೋಣ ಅಂತ ಕೂತವಳು ಐದಾರು ಪದಕ್ಕೆ ಬಂದು ನಿಂತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ತಾಳ್ಮೆಯಿಂದ ಓದಿ.

ನಾನಿರುವುದು ಅಮೆರಿಕದ ಬಾಸ್ಟನ್ ಹತ್ತಿರ. ಇಲ್ಲಿಂದ ದಕ್ಷಿಣಕ್ಕೆ, ಕಡಲಿಗೆ ಚಾಚಿಕೊಂಡ ಕೇಪ್ ಕಾಡ್ ಎಂಬ ನೆಲದಲ್ಲಿ ಸ್ಯಾಂಡ್‌ವಿಚ್ ಅಂತ ಹಳೆಯ ಊರೊಂದಿದೆ. ಇಂಗ್ಲೆಂಡಿನ ಕೆಂಟ್ ಸೀಮೆಯ ಊರಿನ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಡೆಮಿಂಗ್ ಜಾರ್ವಿಸ್ ಎಂಬುವರು 1825ರಲ್ಲಿ ಅಲ್ಲಿ ಗಾಜಿನ ಕಾರ್ಖಾನೆ ಹಾಕಿದರು. ಆ ಊರನ್ನು ಆರಿಸಿಕೊಂಡದ್ದು ಅಲ್ಲಿನ ಮರಳಿಗಾಗಿ ಅಲ್ಲ, ಆ ಮರಳು ಗಾಜಿಗೆ ಬರುವಂಥದಲ್ಲ. ಕುಲುಮೆಗೆ ಬೇಕಾದಷ್ಟು ಕಾಡಿನ ಸೌದೆ ಇತ್ತು, ಸಾಮಾನು ಸಾಗಿಸಲು ಕಡಲು ಪಕ್ಕದಲ್ಲೇ ಇತ್ತು. 1888ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾದ ಲೋಟ, ದೀಪ, ಉಪ್ಪಿನ ಬಟ್ಟಲು, ತಟ್ಟೆಗಳೆಲ್ಲ ಈಗ ಅದೇ ಊರಿನ ಗಾಜಿನ ಮ್ಯೂಸಿಯಂನಲ್ಲಿವೆ. ಬೇಸಿಗೆಗೆ ಊರಿಂದ ಬಂದ ಹಿರಿಯರನ್ನು ನಾವೆಲ್ಲ ಕರೆದುಕೊಂಡು ಹೋಗುವ ಜಾಗ ಅದು. ಅವರ ಕೈಗೆ ಕೊಡಲು ನಾಲ್ಕು ಪುಟದ ಕನ್ನಡ ಟಿಪ್ಪಣಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಸಿಕ್ಕಿಕೊಂಡಿದ್ದೇನೆ.

ಹಳೆಯ ಗಾಜನ್ನು ಬಲ್ಲವರು ಮೊದಲು ಕೇಳುವುದು ಯಾವ ಸಾಮಾನು ಅಂತಲ್ಲ, ಹೇಗೆ ಮಾಡಿದ್ದು ಅಂತ. ಕೊಳವೆಯ ತುದಿಗೆ ಕಾದ ಗಾಜಿನ ಮುದ್ದೆ ಅಂಟಿಸಿಕೊಂಡು ಬಾಯಿಂದ ಊದಿ ಮಾಡಿದ್ದೋ, ಕಬ್ಬಿಣದ ಅಚ್ಚಿನೊಳಗೆ ಮುದ್ದೆ ಬೀಳಿಸಿ ಮೇಲಿಂದ ಒನಕೆಯಂಥದರಲ್ಲಿ ಒತ್ತಿ ಮಾಡಿದ್ದೋ? ಮೊದಲನೆಯದಕ್ಕೆ ಎರಡು ಸಾವಿರ ವರ್ಷದ ಚರಿತ್ರೆ ಇದೆ. ಎರಡನೆಯದು ಯಂತ್ರದ ಕೆಲಸವಾಗಿ ಬೆಳೆದದ್ದು 1820ರ ದಶಕದ ಅಮೆರಿಕದಲ್ಲಿ. ನಾವು ಎರಡನ್ನೂ 'ಗಾಜಿನ ಸಾಮಾನು' ಅಂದು ಮುಗಿಸಿಬಿಡುತ್ತೇವೆ. ಹಾಗೆ ಅಂದರೆ ಆ ಮ್ಯೂಸಿಯಂನ ಅರ್ಧ ಕಥೆಯೇ ಹೋಯಿತು.

'ಊದಿದ ಗಾಜು' ಅಂತ ಬರೆದು ನೋಡಿದೆ. ಕನ್ನಡದಲ್ಲಿ ಶಂಖ ಊದುತ್ತೇವೆ, ಕಾಲೂ ಊದುತ್ತದೆ. 'ಊದಿದ ಕಾಲು' ಅಂದ ಹಾಗೆ 'ಊದಿದ ಗಾಜು' ಬಾತುಕೊಂಡ ಗಾಜಿನ ಹಾಗೆ ಕೇಳಿಸಿತು. ಉತ್ತರ ಸಿಕ್ಕಿದ್ದು ಅಮ್ಮನಿಂದ. ಮ್ಯೂಸಿಯಂನಲ್ಲಿ ಗಾಜು ಊದಿ ತೋರಿಸುತ್ತಾರೆ. ಕುಶಲಕರ್ಮಿ ಉದ್ದನೆಯ ಕಬ್ಬಿಣದ ಕೊಳವೆಯನ್ನು ಕುಲುಮೆಯ ಬಾಯಿಂದ ಆಚೆ ತೆಗೆದ. ತುದಿಯಲ್ಲಿ ಜೇನಿನ ಹಾಗೆ ಜೋಲುವ ಕೆಂಪು ಮುದ್ದೆ. ಬೀಳದಿರಲಿ ಅಂತ ಕೊಳವೆಯನ್ನು ತಿರುಗಿಸುತ್ತಲೇ ಇದ್ದ, ಒಂದು ಗಳಿಗೆಯೂ ನಿಲ್ಲಿಸಲಿಲ್ಲ. ಆಮೇಲೆ ತುಟಿಗಿಟ್ಟು ಒಂದೇ ಒಂದು ಉಸಿರು ಬಿಟ್ಟ, ಮುದ್ದೆಯ ಒಳಗೊಂದು ಗುಳ್ಳೆ ಎದ್ದಿತು. ಅಮ್ಮ ನನ್ನ ತೋಳು ಹಿಡಿದು, "ಇದು ನಮ್ಮ ಊದುಗೊಳವೆ ಅಲ್ವೇನೆ!" ಅಂದರು. ಹಾಸನದ ಮನೆಯಲ್ಲಿ ಒಲೆ ಊದಿ ಊದಿ ಕಣ್ಣಲ್ಲಿ ನೀರು ಹಾಕಿಕೊಂಡವರು ಅವರು. ಅವರ ಬಾಯಿಂದ ಆ ಪದ ಬಂದಾಗ ನನಗೆ ಮೈ ಜುಮ್ಮೆಂದಿತು. ಇಲ್ಲಿನವರ ಸಲಕರಣೆಗೆ ನಮ್ಮ ಅಡುಗೆಮನೆಯಲ್ಲಿ ಹೆಸರು ಮೊದಲೇ ಇದೆ! ಊದುಗೊಳವೆಯಿಂದ ಬಂದದ್ದು ಊದುಗಾಜು. ಹೀಗೆ ಜೋಡಿಸಿದರೆ ಬಾವಿನ ಅರ್ಥವೂ ಬಿಟ್ಟುಹೋಗುತ್ತದೆ. ಊದುಬತ್ತಿಯನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಅಲ್ಲಿನ 'ಊದು' ಅರಬ್ಬಿಯ ಸುಗಂಧದ ಕಟ್ಟಿಗೆಯಿಂದ ಬಂದದ್ದು, ನಮ್ಮ ಉಸಿರಿನದಲ್ಲ.

ಇದೇ ದಾರಿಯಲ್ಲಿ ಇನ್ನೊಂದಕ್ಕೆ 'ಒತ್ತುಗಾಜು' ಅಂದುಕೊಂಡೆ. ಒತ್ತುಶಾವಿಗೆ ಇದೆಯಲ್ಲ! ಬೆಂದ ಹಿಟ್ಟನ್ನು ಒರಳಿಗೆ ತುಂಬಿ ಮೇಲಿಂದ ಒತ್ತುವುದಕ್ಕೂ ಇದಕ್ಕೂ ಕೈಯ ಕೆಲಸ ಒಂದೇ ಥರ. ಆದರೆ ಗೆಳತಿಯೊಬ್ಬಳು ಆಕ್ಷೇಪ ಎತ್ತಿದಳು. ಅವರ ಮನೆಯಲ್ಲಿ ಚಪಾತಿ ಲಟ್ಟಿಸುವುದಕ್ಕೂ 'ಒತ್ತು' ಅಂತಲೇ ಅನ್ನುತ್ತಾರೆ. ಹಾಗಾಗಿ ಒತ್ತುಗಾಜು ಅಂದರೆ ಅವಳ ಕಣ್ಣಿಗೆ ಕಿಟಕಿಗೆ ಹಾಕುವ ಹಾಳೆಯಂಥ ಗಾಜು ಬರುತ್ತದಂತೆ. ಮಾತು ನ್ಯಾಯವಾದದ್ದೇ. 'ಅಚ್ಚೊತ್ತಿದ ಗಾಜು' ಅಂದರೆ ಹೇಗೆ? ಅಚ್ಚೂ ಇದೆ, ಒತ್ತುವುದೂ ಇದೆ. ಆದರೆ ಮನಸ್ಸಿನಲ್ಲಿ ಅಚ್ಚೊತ್ತುವುದು, ಕಾಗದದ ಮೇಲೆ ಅಚ್ಚೊತ್ತುವುದು ಇವೆಲ್ಲ ಮೇಲ್ಮೈಯ ಕೆಲಸ. ಮುದ್ರೆ ಹೊಡೆದ ಗಾಜು ಅಂತ ತಿಳಿಯುವ ಅಪಾಯ ಉಂಟು. ನನ್ನ ಮನಸ್ಸು ಈಗಲೂ ಒತ್ತುಗಾಜಿನ ಕಡೆಗೇ ಇದೆ. ಸಂಸ್ಕೃತದಲ್ಲಿ ಪದ ಕಟ್ಟಿಕೊಡುತ್ತೇವೆ ಅಂದವರೂ ಇದ್ದಾರೆ. ಅವರ ಪ್ರೀತಿಗೆ ಋಣಿ, ಆದರೆ ಅಮ್ಮನಿಗೆ ಅದು ದಾಟುವುದಿಲ್ಲ.

ನಿಜವಾದ ತೊಡಕು ಇರುವುದು ನಡುವಿನ ಜಾತಿಯಲ್ಲಿ. ಊದಿದ ಗುಳ್ಳೆಯನ್ನು ಕೀಲು ಹಾಕಿದ ಲೋಹದ ಅಚ್ಚಿನೊಳಗಿಟ್ಟು ಮತ್ತೆ ಊದುತ್ತಾರೆ. ಗಾಜು ಹಿಗ್ಗಿ ಅಚ್ಚಿನ ಗೋಡೆಗೆ ತಾಗಿ ಅದರ ಚಿತ್ತಾರ ಹಿಡಿಯುತ್ತದೆ. ಒತ್ತುಗಾಜಿನ ಕಾಲ ಬರುವ ಮುಂಚೆ, ಬೆಲೆಬಾಳುವ ಕೊರೆದ ಗಾಜಿನ ಚೆಲುವನ್ನು ಅಗ್ಗದಲ್ಲಿ ತರಲು ಹೂಡಿದ ಉಪಾಯ ಇದು. ಹೊರಗಿನಿಂದ ನೋಡಿದರೆ ಒತ್ತುಗಾಜೇ ಅನ್ನಬೇಕು. ಅಚ್ಚಿನ ಭಾಗಗಳು ಕೂಡುವ ಗೆರೆ ಎರಡರಲ್ಲೂ ಇರುತ್ತದೆ. ಗುಟ್ಟು ಒಳಗಿದೆ. ನನ್ನ ಮೇಜಿನ ಮೇಲೆ ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಒತ್ತುಗಾಜಿನ ಉಪ್ಪಿನ ಬಟ್ಟಲು ಒಂದಿದೆ. ಹೊರಗೆ ಏಣು, ತಗ್ಗು, ಹೂವಿನ ಎಸಳು, ಒಳಗೆ ಬೆರಳಾಡಿಸಿದರೆ ಕಲ್ಲಿನ ಒರಳಿನಷ್ಟು ನುಣುಪು. ಏಕೆಂದರೆ ಒಳಮೈ ಮಾಡಿದ್ದು ಒನಕೆ. ಪರಿಚಯದವರ ಮನೆಯಲ್ಲಿ ಅಚ್ಚಿನಲ್ಲಿ ಊದಿದ ಸಣ್ಣ ಲೋಟ ಮುಟ್ಟಲು ಸಿಕ್ಕಿತು. ಅಲ್ಲಿ ಹೊರಗೆ ಉಬ್ಬಿದ ಕಡೆ ಒಳಗೆ ತಗ್ಗು, ಹೊರಗೆ ತಗ್ಗಿದ ಕಡೆ ಒಳಗೆ ಉಬ್ಬು. ಉಸಿರು ಎರಡೂ ಮೈಯನ್ನು ಒಟ್ಟಿಗೆ ನೂಕಿದೆ. ಬೆರಳಿಗೆ ಇಷ್ಟು ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸಕ್ಕೆ ಪದ ಇಲ್ಲದೆ ಹೋದರೆ ಹೇಗೆ? 'ಅಚ್ಚೂದುಗಾಜು' ಅಂತ ಕಟ್ಟಿದ್ದೇನೆ. ಅಚ್ಚು, ಊದು: ಲೋಪಸಂಧಿಗೆ ತಕರಾರಿಲ್ಲ. ಆದರೆ ಕಿವಿ ಒಪ್ಪುತ್ತದೆಯೇ? ನಾನು ಮುಖ್ಯವಾಗಿ ಕೇಳಬೇಕೆಂದು ಬಂದದ್ದು ಇದನ್ನೇ.

ಆ ಕೂಡುವ ಗೆರೆಗೂ ಒಂದು ಹೆಸರು ಬೇಕು. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಮರದ ಅಚ್ಚಿನ ಭಾಗಗಳನ್ನು ಜೋಡಿಸಿ ಕಟ್ಟಿ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಆನೆಯ ಬೆನ್ನಿನ ಮೇಲೆ ಸಣ್ಣದೊಂದು ಏಣು ನಿಂತಿರುತ್ತದೆ. ಅದೇ ಗೆರೆ ಗಾಜಿನ ಮೇಲೂ ಇರುವುದು. ನಮ್ಮ ಮನೆಯಲ್ಲಿ ಅದನ್ನು ಚಾಕುವಿನಿಂದ ಹೆರೆದು ಹಾಕುತ್ತಿದ್ದೆವೇ ಹೊರತು ಹೆಸರಿಟ್ಟು ಕರೆದದ್ದಿಲ್ಲ. ಸದ್ಯಕ್ಕೆ 'ಕೂಡುಗೆರೆ' ಅಂತ ಬರೆದಿದ್ದೇನೆ. ಸಕ್ಕರೆ ಅಚ್ಚು ಮಾಡುವವರ ಮನೆಗಳಲ್ಲಿ ಬೇರೆ ಮಾತಿದ್ದರೆ ಅದನ್ನೇ ಹಾಕುತ್ತೇನೆ.

ಊದುಗಾಜಿನ ತಳದಲ್ಲಿ ಇನ್ನೊಂದು ಗುರುತು ಇರುತ್ತದೆ. ಪಾತ್ರೆಯ ಬಾಯಿ ತಿದ್ದಬೇಕಾದರೆ ಅದನ್ನು ಊದುಗೊಳವೆಯಿಂದ ಬಿಡಿಸಬೇಕು. ಬಿಡಿಸುವ ಮುಂಚೆ ತಳಕ್ಕೆ ಒಂದು ಕಬ್ಬಿಣದ ಸರಳು ಅಂಟಿಸಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಸರಳನ್ನು ತಟ್ಟಿ ಮುರಿದರೆ ತಳದ ನಡುವೆ ಒರಟು ಗಾಯ ಉಳಿಯುತ್ತದೆ. ಹಳೇ ಗಾಜು ಕೊಳ್ಳುವವರು ಲೋಟ ಮಗುಚಿ ಮೊದಲು ಹುಡುಕುವುದು ಅದನ್ನೇ. 'ತೊಟ್ಟಿನ ಗುರುತು' ಅನ್ನಬಹುದು, ಹಣ್ಣು ತೊಟ್ಟು ಕಳಚಿದ ಹಾಗೆ. ನನಗೆ 'ಹೊಕ್ಕುಳು' ಹೆಚ್ಚು ಹಿಡಿಸಿದೆ. ಹೊಕ್ಕುಳಬಳ್ಳಿ ಕತ್ತರಿಸಿದ ಜಾಗ ಅದು. ಒಳ್ಳೆಯ ಪಾತ್ರೆಗಳಲ್ಲಿ ಆ ಒರಟನ್ನು ಸಾಣೆ ಹಿಡಿದು ತೆಗೆಯುತ್ತಾರೆ, ಆಗ ಉಳಿಯುವ ದುಂಡನೆಯ ಗುಳಿ ನೋಡಲೂ ಹೊಕ್ಕುಳಿನಂತೆಯೇ ಇರುತ್ತದೆ.

ಇನ್ನು ಪದ ಇದ್ದೂ ದಾರಿ ತಪ್ಪಿಸುವವು. ಸೀಸ ಬೆರೆಸಿದ ಗಾಜು ಬೆರಳಿಂದ ಮೀಟಿದರೆ ಗಂಟೆಯ ಹಾಗೆ ದನಿ ಕೊಡುತ್ತದೆ, ಸ್ಯಾಂಡ್‌ವಿಚ್‌ನ ಬಹಳಷ್ಟು ಸಾಮಾನು ಅಂಥದು. 'ಸೀಸದ ಲೋಟ' ಅಂದರೆ ಲೋಹದ ಲೋಟ ಆಗಿಬಿಡುತ್ತದೆ. ಸೀಸೆಯ ನೆನಪೂ ಅಡ್ಡ ಬರುತ್ತದೆ. ಲೋಹದ ಸೀಸ ಸಂಸ್ಕೃತದ್ದು, ಬಾಟಲಿಯ ಸೀಸೆ ಪಾರಸಿಯ ಶೀಶಾದಿಂದ ಬಂದದ್ದು, ಎರಡಕ್ಕೂ ನಂಟಿಲ್ಲ. ಆಗಿನವರು ಈ ಗಾಜಿಗೆ 'ಫ್ಲಿಂಟ್' ಗಾಜು ಅನ್ನುತ್ತಿದ್ದರು ಅಂತ 'ಚಕಮಕಿ ಗಾಜು' ಮಾಡಿದರೂ ತಪ್ಪೇ. ಹಿಂದೆ ಇಂಗ್ಲೆಂಡಿನಲ್ಲಿ ಚಕಮಕಿ ಕಲ್ಲು ಸುಟ್ಟು ಪುಡಿ ಮಾಡಿ ಹಾಕುತ್ತಿದ್ದರು. ಆಮೇಲೆ ಮರಳು ಬಂದು ಹೆಸರು ಮಾತ್ರ ಉಳಿಯಿತು. 'ಸೀಸಬೆರೆತ ಗಾಜು' ಅಂತ ಬಿಡಿಸಿ ಬರೆಯುವುದೇ ಮೇಲು. ಹಾಗೆಯೇ ದೀಪದ ಮೇಲಿನ ಗಾಜನ್ನು 'ಚಿಮಣಿ' ಅಂದರೆ ಉತ್ತರ ಕರ್ನಾಟಕದವರಿಗೆ ಸೀಮೆಎಣ್ಣೆಯ ಪುಟ್ಟ ದೀಪವೇ ಕಾಣುತ್ತದೆ. 'ಗ್ಲಾಸು' ಅಂತೂ ಬೇಡವೇ ಬೇಡ, ನಮ್ಮಲ್ಲಿ ಸ್ಟೀಲಿನದೂ ಗ್ಲಾಸೇ. ಸೀಸೆಯ ಬಾಯಿಗೆ ಹಾಕುವ ಗಾಜಿನ ಮುಚ್ಚಳಕ್ಕೆ 'ಬಿರಡೆ' ಇದೆ, ಅದಕ್ಕೆ ಯೋಚನೆಯಿಲ್ಲ.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ವಸ್ತು. ಅಂಗೈಯೊಳಗೆ ಹಿಡಿಸುವ ಒತ್ತುಗಾಜಿನ ಪುಟ್ಟ ತಟ್ಟೆ, ಅಡ್ಡಗಲ ಮೂರು ಮೂರೂವರೆ ಅಂಗುಲ. ಅಂಚಿಗೆ ಹೃದಯಗಳ ಸಾಲು, ನಡುವಿನ ಬಯಲೆಲ್ಲ ಸಣ್ಣ ಚುಕ್ಕಿ. ಬಿಸಿ ಗಾಜು ತಣ್ಣನೆ ಕಬ್ಬಿಣಕ್ಕೆ ತಾಗಿದಾಗ ಏಳುವ ಸುಕ್ಕನ್ನು ಆ ಚುಕ್ಕಿಗಳು ಮರೆಮಾಡುತ್ತವೆ. ಇಲ್ಲಿನವರು ಲೇಸಿಗೆ ಹೋಲಿಸಿ ಹೆಸರಿಟ್ಟಿದ್ದಾರೆ. ನಮ್ಮ ಅತ್ತೆ "ಚುಕ್ಕಿ ರಂಗೋಲಿ ಕಂಡಂಗ ಐತಿ" ಅಂದರು, ನಾನು 'ಚುಕ್ಕಿಗಾಜು' ಅಂತ ಬರೆದುಕೊಂಡೆ. ಈ ತಟ್ಟೆಯ ಕೆಲಸ ಏನು ಗೊತ್ತೇ? ಆ ಕಾಲದ ಅಮೆರಿಕದಲ್ಲಿ ಬಿಸಿ ಚಹಾವನ್ನು ಕಪ್ಪಿನಿಂದ ಸಾಸರಿಗೆ ಸುರಿದುಕೊಂಡು, ಆರಿಸಿ, ಸಾಸರಿನಿಂದಲೇ ಕುಡಿಯುತ್ತಿದ್ದರು. ಆಗ ಹಸಿ ಕಪ್ಪು ಮೇಜಿನ ಬಟ್ಟೆಗೆ ಕಲೆ ಮಾಡದಿರಲಿ ಅಂತ ಈ ತಟ್ಟೆಯ ಮೇಲೆ ಇಡುತ್ತಿದ್ದರು. ಇದನ್ನು ಹೇಳಿದಾಗ ಧಾರವಾಡದ ಅತ್ತೆಯ ಮುಖ ಅರಳಿತು. "ಅಂದ್ರ ಇವರೂ ಬಸ್ಯಾಗ ಹಾಕ್ಕೊಂಡು ಕುಡೀತಿದ್ರೇನು!" ಅಂದವರು ಮ್ಯೂಸಿಯಂನಲ್ಲಿ ಆ ತಟ್ಟೆ ಇಟ್ಟಿದ್ದ ಪೆಟ್ಟಿಗೆಯ ಮುಂದಿಂದ ಬಹಳ ಹೊತ್ತು ಕದಲಲಿಲ್ಲ.

ಸಾಸರಿಗೆ ಬಸಿ ಇದೆ. ಕಪ್ಪು-ಬಸಿ ಧಾರವಾಡದಲ್ಲಿ ಜೋಡಿ ಮಾತು, ಮರಾಠಿಯಲ್ಲೂ ಬಶಿ. ಆದರೆ ಬಸಿ ಬಾಯಿಗೆ ಹೋದಾಗ ಕಪ್ಪು ಕೂರುವ ಈ ಮೂರನೆಯ ತಟ್ಟೆಗೆ ಏನನ್ನೋಣ? 'ಕಪ್ಪಿನ ಮಣೆ' ಅಂತ ಅತ್ತೆ ಸೂಚಿಸಿದ್ದಾರೆ, ಕೂರಲು ಕೊಡುವುದು ಮಣೆ ತಾನೇ ಅಂತ. ಅಮ್ಮ 'ಅಡಿತಟ್ಟೆ' ಅನ್ನುತ್ತಾರೆ. ಹಳೆ ಮೈಸೂರು, ಕರಾವಳಿ, ಮಲೆನಾಡಿನ ಕಡೆಯವರು, ಬಿಸಿ ಪಾತ್ರೆಯ ಅಡಿಗೆ ಇಡುವ ಇಂಥ ಸಣ್ಣ ತಟ್ಟೆಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು, ಬರೆದು ತಿಳಿಸಿ. ಜೊತೆಗೆ 'ಅಚ್ಚೂದುಗಾಜು' ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ, ನಾಲಿಗೆ ತಡವರಿಸಿತೇ ಅನ್ನುವುದನ್ನೂ ತಿಳಿಸಿ.