ಹರಾಜು ಮುಗಿದ ಮೇಲೆ ಅಪ್ಪಯ್ಯನ ವಾಚು ಕೊಡಲು ಮನಸ್ಸು ಬರುತ್ತಿಲ್ಲ, ಏನು ಮಾಡಲಿ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ. ಗೊತ್ತಿದ್ದವರು ದಾರಿ ಹೇಳಿ.

ಅಪ್ಪಯ್ಯ ತೀರಿಕೊಂಡು ಎರಡು ವರ್ಷ ಆಯಿತು. ಅವರ ಹತ್ತಿರ ಒಂದು ಎಚ್‌ಎಂಟಿ ಜನತಾ ವಾಚು ಇತ್ತು. ಬಿಳಿ ಡಯಲ್, ದಿನಾ ಕೀ ಕೊಡುವಂಥದ್ದು. ತೋಟಕ್ಕೆ ಹೋಗುವಾಗ ಕಟ್ಟುತ್ತಿರಲಿಲ್ಲ. ಪೇಟೆಗೆ ಹೋಗುವ ದಿನ, ಅದರಲ್ಲೂ ಅಡಿಕೆ ಟೆಂಡರಿಗೆ ಹೋಗುವ ದಿನ ಮಾತ್ರ ಅದು ಕೈಗೆ ಬರುತ್ತಿತ್ತು. ಅವರ ಕೈ ಸಪೂರ. ಬೆಲ್ಟಿಗೆ ತಾವೇ ಮೊಳೆ ಕಾಸಿ ಇನ್ನೊಂದು ತೂತು ಹಾಕಿಕೊಂಡಿದ್ದರು.

ಹೋದ ತಿಂಗಳು ಮನೆಯ ಹೆಂಚು ತೆಗೆಸಿ ರಿಪೇರಿ ಮಾಡಿಸಿದೆವು. ಸಾಮಾನೆಲ್ಲ ಹೊರಗೆ ಬಂತು. ಗೋಡೆ ಕಪಾಟಿನಲ್ಲಿ ಈ ವಾಚು ಕಣ್ಣಿಗೆ ಬಿತ್ತು. ತಮ್ಮ ಬೆಂಗಳೂರಿನಲ್ಲಿದ್ದಾನೆ, ಮೊಬೈಲಿನಲ್ಲೇ ಗಂಟೆ ನೋಡುವವನು. ನನ್ನ ಕೈಗೆ ಇದು ದೊಡ್ಡದು. ಸುಮ್ನೆ ಕಪಾಟಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ಇಷ್ಟಪಡುವವರ ಕೈಗೆ ಹೋಗಲಿ ಅನ್ನಿಸಿತು. ಹಳೆಯ ವಾಚುಗಳ ಹರಾಜು ನಡೆಯುವ ಒಂದು ಗುಂಪಿನಲ್ಲಿ ಫೋಟೋ ಹಾಕಿದೆ. ಕಪಾಟಿನಿಂದ ತೆಗೆದಾಗಲೇ ಓಡುತ್ತಿತ್ತು. ವಿವರದಲ್ಲಿ ಅದನ್ನೇ ಮೊದಲ ಸಾಲಾಗಿ ಬರೆದೆ. ಆರಂಭದ ಬೆಲೆ 500 ರೂಪಾಯಿ ಇಟ್ಟೆ. ಕನಿಷ್ಠ ಇಷ್ಟು ಬಂದರೆ ಮಾತ್ರ ಕೊಡುತ್ತೇನೆ ಅಂತ ಎಲ್ಲೂ ಬರೆಯಲಿಲ್ಲ.

ಭಾನುವಾರ ರಾತ್ರಿ ಒಂಬತ್ತಕ್ಕೆ ಮುಗಿಯಬೇಕಿತ್ತು. ಎಂಟೂವರೆ ತನಕ 1,100 ಇತ್ತು. ಕೊನೆಯ ಹತ್ತು ನಿಮಿಷದಲ್ಲಿ ಇಬ್ಬರು ಜಿದ್ದಿಗೆ ಬಿದ್ದರು. 3,400ಕ್ಕೆ ನಿಂತಿತು. ದಾವಣಗೆರೆಯ ಒಬ್ಬರಿಗೆ ಹೋಯಿತು. ಅವರು ಕೂಡಲೇ ಪೂರ್ತಿ ದುಡ್ಡು ಹಾಕಿದರು. ಆಗ ನನಗೆ ಖುಷಿಯೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಪಾರ್ಸೆಲ್ ಕಟ್ಟುತ್ತಿದ್ದೆ. ಆಯಿ (ನನ್ನ ಅಮ್ಮ) ಬಂದು ಬಾಗಿಲಲ್ಲಿ ನಿಂತಳು. "ಕೊಟ್ಟಾತನೇ ಕೂಸೇ?" ಅಂತ ಕೇಳಿದಳು. ಹೂಂ ಅಂದೆ. ಬೇರೇನೂ ಹೇಳದೆ ಒಳಗೆ ಹೋದಳು. ಅವತ್ತಿನಿಂದ ನನ್ನ ಹತ್ತಿರ ಬೇಕಾದಷ್ಟೇ ಮಾತು. ಊಟಕ್ಕೆ ಕರೆದರೆ ಹಸಿವಿಲ್ಲ ಅನ್ನುತ್ತಾಳೆ. ವಾಚು ಬೇಕಿತ್ತಾ ಅಂತ ಕೇಳಿದರೆ ನನಗೆಂತಕ್ಕೆ ವಾಚು ಅನ್ನುತ್ತಾಳೆ. ಪಾರ್ಸೆಲ್ ಹಾಗೇ ಮೇಜಿನ ಮೇಲಿದೆ. ಅಂಚೆಗೆ ಹಾಕಲು ಕೈ ಏಳುತ್ತಿಲ್ಲ.

ಕೊಂಡವರಿಗೆ ಮೆಸೇಜ್ ಮಾಡಿದೆ. ಮನೆಯಲ್ಲಿ ತೊಂದರೆ ಇದೆ, ಕೊಡಲು ಆಗುವುದಿಲ್ಲ ಅಂತ ಬರೆದು 3,400 ವಾಪಸ್ ಹಾಕಿದೆ. ಅವರು ತಿರುಗಿ ನನಗೇ ಹಾಕಿದರು. ಮತ್ತೆ ಹಾಕಿದೆ, ಮತ್ತೆ ಬಂತು. "ಜಾಸ್ತಿ ಕೊಡುವವರು ಸಿಕ್ಕಿರಬೇಕು. ವಾಚು ಕಳಿಸಿ, ಇಲ್ಲದಿದ್ದರೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ" ಅಂತ ಬರೆದರು. ಪೊಲೀಸ್ ಅಂದದ್ದಕ್ಕಿಂತ ಆ ಮೊದಲ ಮಾತು ಜಾಸ್ತಿ ನೋಯಿಸಿತು.

ನಾವು ಅಡಿಕೆ ಬೆಳೆಯುವವರು. ಯಾರ್ಡಿನಲ್ಲಿ ವ್ಯಾಪಾರಿಗಳು ಲಾಟ್ ನೋಡಿ ದರ ಹಾಕುತ್ತಾರೆ. ಎಲ್ಲರಿಗಿಂತ ಮೇಲಿನ ದರವೂ ನಮಗೆ ಹೊಂದದಿದ್ದರೆ ಇವತ್ತು ಕೊಡುವುದಿಲ್ಲ ಅನ್ನಬಹುದು. ಅಪ್ಪಯ್ಯ ಹಾಗೆ ಹೇಳಿ ಬರಿಗೈಲಿ ಮನೆಗೆ ಬಂದದ್ದು ಎಷ್ಟೋ ಸಲ ನೋಡಿದ್ದೇನೆ. ಇಲ್ಲಿಯೂ ಕೊನೆಯ ಮಾತು ಮಾರುವವರದ್ದೇ ಅಂದುಕೊಂಡಿದ್ದೆ.

ವಾಚು ಬಿದ್ದು ಒಡೆಯಿತು ಅಂದುಬಿಡು ಅಂತ ತಮ್ಮ ಹೇಳುತ್ತಾನೆ. ನನಗೆ ಅದು ಸರಿ ಕಾಣುತ್ತಿಲ್ಲ. ಹಿಂದೆ ಸರಿಯುವ ಹಕ್ಕು ನನಗೆ ಇದೆಯಾ? ಪೊಲೀಸರು ನಿಜವಾಗಿಯೂ ಬರುತ್ತಾರಾ?

ಹಳೆ ಗುಮಾಸ್ತ, ಕುಮಟಾ

ತಂಗೀ, ನಾನು ವಕೀಲರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದವನು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಡಿಕೆ ಟೆಂಡರಿನಲ್ಲಿ ಬೆಳೆಗಾರ ದರ ಒಪ್ಪಬೇಕು ಅನ್ನುವುದು ಮೊದಲೇ ನಿಯಮದಲ್ಲಿದೆ. ಉಳಿದ ಹರಾಜು ಹಾಗಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ನೋಡಿ. ಸುತ್ತಿಗೆ ಬಿದ್ದಾಗ, ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತು ಅಂತ ಸಾರಿದಾಗ ಮಾರಾಟ ಪೂರ್ತಿಯಾಗುತ್ತದೆ. ಅಲ್ಲಿಯ ತನಕ ಕೂಗಿದವರು ತಮ್ಮ ಕೂಗು ಹಿಂದೆ ಪಡೆಯಬಹುದು. ನಿಮ್ಮ ಗುಂಪಿನಲ್ಲಿ ಒಂಬತ್ತು ಗಂಟೆಯೇ ಸುತ್ತಿಗೆ. ಕನಿಷ್ಠ ದರ ಇಟ್ಟುಕೊಳ್ಳಲು ಅದೇ ಕಲಂನಲ್ಲಿ ಅವಕಾಶ ಇತ್ತು, ನೀವು ಇಟ್ಟಿಲ್ಲ. ಎಲ್ಲ ಮೊಬೈಲಿನಲ್ಲಿ ಆದದ್ದು ಅನ್ನುವ ಕಾರಣಕ್ಕೂ ಒಪ್ಪಂದ ಬಿದ್ದು ಹೋಗುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಗೆ ಆಮೇಲೆ ಸೇರಿಸಿದ 10ಎ ಕಲಂ ಅದನ್ನೇ ಹೇಳುತ್ತದೆ.

ಅವರು ಯಾಕೆ ಹಾಗೆ ಅನುಮಾನಪಟ್ಟರು ಗೊತ್ತಾ? ಹಿಂದೆ ಸರಿಯುವವರಲ್ಲಿ ಅಂಥವರೂ ಇರುತ್ತಾರೆ. ಆಸ್ಟ್ರೇಲಿಯಾದಲ್ಲಿ ಒಬ್ಬರು ಹಳೆಯ ವಿರ‍್ರವೇ ಯುದ್ಧವಿಮಾನವನ್ನು ಇಬೇ ಆನ್‌ಲೈನ್ ಹರಾಜಿಗೆ ಹಾಕಿದ್ದರು. ಕನಿಷ್ಠ ದರ ಒಂದೂವರೆ ಲಕ್ಷ ಡಾಲರ್. ಒಬ್ಬರು ಅಷ್ಟಕ್ಕೇ ಕೂಗಿದರು, ಹರಾಜು ಮುಗಿಯಿತು. ಮಾರಿದವರಿಗೆ ಹೊರಗೆ ಇನ್ನೂ ಹೆಚ್ಚಿನ ದರ ಸಿಕ್ಕಿತ್ತು, ಕೊಡುವುದಿಲ್ಲ ಅಂದರು. ನ್ಯೂ ಸೌತ್ ವೇಲ್ಸ್‌ನ ಸುಪ್ರೀಂ ಕೋರ್ಟ್ 2007ರಲ್ಲಿ ವಿಮಾನ ಕೊಡಲೇಬೇಕು ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿಯೂ ಕೊಂಡವರು ಸರಕು ಮಾರಾಟ ಕಾಯ್ದೆಯ 57ನೇ ಕಲಂನಲ್ಲಿ ನಷ್ಟ ಕೇಳಬಹುದು, 58ರಲ್ಲಿ ವಸ್ತುವನ್ನೇ ಕೊಡಿಸಿ ಅನ್ನಬಹುದು.

ಪೊಲೀಸ್ ವಿಷಯಕ್ಕೆ ಹೆದರಬೇಡಿ. ಕೊಟ್ಟ ಮಾತು ನಡೆಸದಿರುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಮೊದಲಿನಿಂದಲೇ ಮೋಸದ ಉದ್ದೇಶ ಇದ್ದರೆ ಅದು ವಂಚನೆ. ನೀವು ಎರಡು ಸಲ ದುಡ್ಡು ವಾಪಸ್ ಹಾಕಿದ್ದಕ್ಕೆ ದಾಖಲೆ ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಆ ದುಡ್ಡು ಮುಟ್ಟಬೇಡಿ.

ಆದರೆ ಹಕ್ಕು ಅವರದ್ದು. ಕೊಡಲು ಆಗುವುದಿಲ್ಲ ಅಂತ ನೀವು ಹೇಳುವ ಹಾಗಿಲ್ಲ. ಬಿಟ್ಟುಕೊಡುತ್ತೀರಾ ಅಂತ ಕೇಳಬೇಕು. ಮೆಸೇಜ್ ಬೇಡ, ಫೋನ್ ಮಾಡಿ.

ರೇಡಿಯೊ ಮನೆ, ಅಂಕೋಲಾ

ಅಕ್ಕಾ, ತಮ್ಮ ಹೇಳಿದ ದಾರಿ ಖಂಡಿತ ಬೇಡ. ನಾನು ಪೆಟ್ಟು ತಿಂದವನು.

ಹಳೆಯ ರೇಡಿಯೊ ರಿಪೇರಿ ಮಾಡಿ ಮಾರುತ್ತೇನೆ. 2024ರ ಜುಲೈನಲ್ಲಿ ಕೊಯಮತ್ತೂರಿನವರು ಒಂದು ವಾಲ್ವ್ ರೇಡಿಯೊ ಹರಾಜಿನಲ್ಲಿ ಹಿಡಿದರು. ಮಳೆ ಜೋರು, ಪ್ಯಾಕಿಂಗ್ ಆಗಿರಲಿಲ್ಲ. ಅವರು ಕೇಳಿದಾಗ 12ನೇ ತಾರೀಕೇ ಕಳಿಸಿದೆ ಅಂದುಬಿಟ್ಟೆ. ನಿಜವಾಗಿ ಕಳಿಸಿದ್ದು 15ಕ್ಕೆ. ಮರುದಿನ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಬಂದ್. ಪಾರ್ಸೆಲ್ ಎಲ್ಲೋ ಸಿಕ್ಕಿಬಿತ್ತು. ನಾನು ಗುಡ್ಡದ ವಿಷಯ ಹೇಳಿದೆ. ಅವರು ರಸೀದಿಯ ತಾರೀಕು ಕೇಳಿದರು. ಒಂದು ಸುಳ್ಳು ಸಿಕ್ಕಿತು. ಆಮೇಲೆ ನಾನು ಹೇಳಿದ ಒಂದು ಸತ್ಯವನ್ನೂ ಅವರು ನಂಬಲಿಲ್ಲ. ದುಡ್ಡು ಪೂರ್ತಿ ವಾಪಸ್ ಕೊಟ್ಟೆ. ರೇಡಿಯೊ ಮೂರು ವಾರದ ಮೇಲೆ ಒಡೆದ ಗಾಜಿನ ಜೊತೆ ನನ್ನ ಹತ್ತಿರವೇ ಬಂತು. ಅಷ್ಟು ಜನ ಜೀವ ಕಳೆದುಕೊಂಡ ದಿನಗಳಲ್ಲಿ ಹತ್ತಿರದಲ್ಲೇ ಕೂತು ತಾರೀಕಿನ ಜಗಳ ಆಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ.

ನೀವು ಒಡೆಯಿತು ಅಂದರೆ ಅವರು ಫೋಟೋ ಕಳಿಸಿ ಅನ್ನುತ್ತಾರೆ. ಆಗ ಏನು ಮಾಡುತ್ತೀರಿ?

ಕೀ ವಾಚು, ಕಾರವಾರ

ನಾನು ಎಚ್‌ಎಂಟಿ ಸಂಗ್ರಹ ಮಾಡುವವನು. ಹಾಗಾಗಿ ಕೊಂಡವರ ಕಡೆಯಿಂದ ಎರಡು ಮಾತು.

ಬೆಂಗಳೂರಿನ ಎಚ್‌ಎಂಟಿ ವಾಚು ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾಯಿತು. 2016ರಲ್ಲಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಸಿಗುವ ಜನತಾಗಳಲ್ಲಿ ಡಯಲಿಗೆ ಹೊಸದಾಗಿ ಬಣ್ಣ ಹೊಡೆದು ಅಚ್ಚು ಹಾಕಿದವು ಬೇಕಾದಷ್ಟು. ಒಂದೇ ಮನೆಯಲ್ಲಿ, ಒಬ್ಬರೇ ಕಟ್ಟಿದ ವಾಚು ಸಿಕ್ಕರೆ ನಮಗೆ ಅದು ದೊಡ್ಡ ವಿಷಯ. ನನಗೂ ಒಮ್ಮೆ ಒಂದು ಪೈಲಟ್ ಮಾದರಿಯ ವಾಚು ಹೀಗೇ ಕೈತಪ್ಪಿತ್ತು. ಮಾರಿದವರು ಕಾರಣವನ್ನೂ ಹೇಳಲಿಲ್ಲ. ದಾವಣಗೆರೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ತೊಂದರೆ ಅನ್ನುವುದು ಕಾರಣ ಅಲ್ಲ, ಅಲ್ವಾ?

ಇನ್ನೊಂದು ವಿಷಯ. ನಿಮ್ಮ ಬರಹ ಎರಡು ಸಲ ಓದಿದೆ. ಜನತಾಕ್ಕೆ ಬ್ಯಾಟರಿ ಇಲ್ಲ. ಪೂರ್ತಿ ಕೀ ಕೊಟ್ಟರೂ ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ ಓಡುತ್ತದೆ. ಅಪ್ಪಯ್ಯ ಹೋಗಿ ಎರಡು ವರ್ಷ ಆಯಿತು ಅನ್ನುತ್ತೀರಿ. ಕಪಾಟಿನಿಂದ ತೆಗೆದಾಗ ಓಡುತ್ತಿತ್ತು ಅಂತಲೂ ಬರೆದಿದ್ದೀರಿ.

ಕೀ ಕೊಡುತ್ತಿದ್ದವರು ಯಾರು?

ತೋಟದಮನೆ, ಶಿರಸಿ

ಕಾರವಾರದ ಅಣ್ಣಾ, ನಿಮ್ಮ ಕೊನೆಯ ಸಾಲು ಓದಿ ಫೋನ್ ಅಲ್ಲೇ ಇಟ್ಟು ಅಡುಗೆಮನೆಗೆ ಹೋದೆ. ಕೇಳಿದೆ. ಆಯಿ ಮೊದಲು ಮಾತಾಡಲಿಲ್ಲ. ಆಮೇಲೆ ಹೇಳಿದಳು. ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ ಬಂದು ಕೀ ಕೊಡುತ್ತಿದ್ದಳಂತೆ. ನಿಲ್ಲಿಸಿಟ್ಟರೆ ವಾಚು ಹಾಳಾಗುತ್ತದೆ ಅಂತ ಅಪ್ಪಯ್ಯ ಹೇಳುತ್ತಿದ್ದರಂತೆ. ಎರಡು ವರ್ಷ ಒಂದೇ ಮನೆಯಲ್ಲಿದ್ದು ನಾನು ನೋಡಿಲ್ಲ.

ದಾವಣಗೆರೆಯವರಿಗೆ ಫೋನ್ ಮಾಡಿದೆ. ಕುಮಟಾದ ಅಣ್ಣ ಹೇಳಿದ ಹಾಗೆ, ವಾಚು ನಿಮ್ಮದೇ, ಬಿಟ್ಟುಕೊಡುತ್ತೀರಾ ಅಂತ ಕೇಳಿದೆ. ಕೀ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಅವರು ಸುಮ್ಮನಿದ್ದರು. ಇದನ್ನು ಕೊಳ್ಳಲು ತಮ್ಮದೊಂದು ವಾಚು ಮಾರಿದ್ದರಂತೆ, ಅದು ಇನ್ನು ಸಿಗುವುದಿಲ್ಲ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ತೆಗೆದುಕೊಳ್ಳಲು ಒಪ್ಪಿದರು. ಹಿಂದೆ ಸರಿದದ್ದು ನಾನು, ಅವರ ತಪ್ಪೇನೂ ಇಲ್ಲ ಅಂತ ಅದೇ ಹರಾಜಿನ ಕೆಳಗೆ ಬರೆಯಲು ಹೇಳಿದರು. ಬರೆದೆ. ಗುಂಪಿನವರು ಆರು ತಿಂಗಳು ನಾನು ಏನೂ ಮಾರುವ ಹಾಗಿಲ್ಲ ಅಂದಿದ್ದಾರೆ. ಅದು ನ್ಯಾಯವೇ. ದಾವಣಗೆರೆಯವರು ಬೇಸರದಲ್ಲೇ ಫೋನ್ ಇಟ್ಟರು. ಆ ಧ್ವನಿ ಇನ್ನೂ ಕಿವಿಯಲ್ಲಿದೆ.

ಅಣ್ಣಾ, ಒಂದು ಸಹಾಯ. ಪಾರ್ಸೆಲ್ ಕಟ್ಟುವಾಗ ಅಲುಗಾಡದಿರಲಿ ಅಂತ ವಾಚಿಗೇ ಟೇಪ್ ಸುತ್ತಿದ್ದೆ. ಅಂಟು ಗಾಜಿನ ಮೇಲೆ ಉಳಿದಿದೆ. ಆಯಿ ಸೆರಗಿನಲ್ಲಿ ಒರೆಸುತ್ತಾಳೆ, ಹೋಗುತ್ತಿಲ್ಲ. ಹೇಗೆ ತೆಗೆಯಬೇಕು?

ಕೀ ವಾಚು, ಕಾರವಾರ

ಅದು ಗಾಜಲ್ಲ, ಪ್ಲಾಸ್ಟಿಕ್. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಮುಟ್ಟಿಸಲೇಬೇಡಿ, ಮಂಜಾಗುತ್ತದೆ. ಮೆತ್ತನೆಯ ಹತ್ತಿ ಬಟ್ಟೆಗೆ ಒಂದೇ ಹನಿ ಕೊಬ್ಬರಿ ಎಣ್ಣೆ ಹಾಕಿ ನಿಧಾನವಾಗಿ ಉಜ್ಜಿ. ಅಂಚಿಗೆ ಎಣ್ಣೆ ಇಳಿಯದ ಹಾಗೆ ನೋಡಿಕೊಳ್ಳಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ. ಕೀ ಬಿಗಿ ಹತ್ತಿದ ಕೂಡಲೇ ನಿಲ್ಲಿಸಬೇಕು ಅಂತ ಆಯಿಗೆ ಹೇಳಬೇಕಾಗಿಲ್ಲ, ಅವರಿಗೆ ಗೊತ್ತಿರುತ್ತದೆ.